ಚಿಕ್ಕಮ್ಮ ಕೆಟ್ಟದಾಗಿ ಓದಲು ಕಲಿತದ್ದು

ಬೀದಿಯ ಜನ ನನ್ನ ಚಿಕ್ಕಮ್ಮನಿಗೆ ಇಟ್ಟಿರುವ ಹೆಸರು ರೇಡಿಯೋ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಎದುರಿಗೆ ಅವಳು ಎಲ್ಲರಿಗೂ ಚಿಕ್ಕಮ್ಮನೇ. ಕಣ್ಣಿಗೆ ಬಿದ್ದ ಅಕ್ಷರವನ್ನು ಬಾಯಿಗೆ ತರದೆ ಇರುವುದು ಅವಳಿಂದ ಆಗದು. ಬಸ್ಸಿನ ಹಣೆಯ ಮೇಲಿನ ಬೋರ್ಡು, ಮಾತ್ರೆ ಹಾಳೆಯ ಹಿಂಭಾಗ, ಸೋಪಿನ ಹೊದಿಕೆ, ಯಾವುದನ್ನೂ ಬಿಡುವುದಿಲ್ಲ. ಒಮ್ಮೆ ನಾವಿಬ್ಬರೂ ನಡೆದು ಹೋಗುತ್ತಿದ್ದಾಗ ಕಾಂಪೌಂಡ್ ಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಬರೆದಿತ್ತು. ಅವಳು ಅದನ್ನು ಗಟ್ಟಿಯಾಗಿ, ಅಕ್ಷರ ಅಕ್ಷರವೂ ಕೇಳುವ ಹಾಗೆ ಓದಿದಳು. ಗೋಡೆಗೆ ಮುಖ ಮಾಡಿ ನಿಂತಿದ್ದ ದೊಡ್ಡ ಮನುಷ್ಯನೊಬ್ಬ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿದ. ಅವನು ಯಾಕೆ ಓಡಿದ ಎಂಬುದು ಚಿಕ್ಕಮ್ಮನಿಗೆ ಕೊನೆಗೂ ಹೊಳೆಯಲಿಲ್ಲ. ಆ ಬರಹದ ಕೊನೆಗೆ ಪೂರ್ಣವಿರಾಮ ಹಾಕಿಲ್ಲ ಎಂದು ಅವಳು ದಾರಿಯುದ್ದಕ್ಕೂ ಗೊಣಗುತ್ತಿದ್ದಳು.

ನನ್ನದು ಮೊಟ್ಟೆಯ ಸಗಟು ಅಂಗಡಿ. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರಲ್ಲಿ ನಾನು ಮತ್ತು ಚಿಕ್ಕಮ್ಮ. ನನ್ನಮ್ಮನ ತಂಗಿ ಅವಳು. ಅಮ್ಮ ಹೋದ ಮೇಲೆ ನಾನು ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ನಾನು ಹೇಳುತ್ತೇನೆ, ಅವಳು ನನ್ನನ್ನು ನೋಡಿಕೊಳ್ಳುತ್ತಿದ್ದಾಳೆ ಎಂದು ಅವಳು ಹೇಳುತ್ತಾಳೆ. ಇಬ್ಬರ ಮಾತನ್ನೂ ಕೇಳಿದ ನೆರೆಯವರು ನಕ್ಕು ಸುಮ್ಮನಾಗುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ. ಚಿಕ್ಕಮ್ಮನಿಗೆ ಸಿಟ್ಟು ಎಲ್ಲಿದೆಯೋ ನನಗೆ ಇನ್ನೂ ಸಿಕ್ಕಿಲ್ಲ.

ಅವಳ ಗಂಡ ಮದುವೆಯಾದ ಹೊಸತರಲ್ಲೇ ತೀರಿಕೊಂಡ. ಅವಳು ಮೂಲೆ ಹಿಡಿದು ಕೂರಲಿಲ್ಲ. ಶಾಲೆಯ ಪುಸ್ತಕ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಹಾಳೆ ಮಡಚುವ ಕೆಲಸಕ್ಕೆ ಸೇರಿದಳು. ಬಿಡುವಿನ ಹೊತ್ತಿನಲ್ಲಿ ಉಳಿದ ಹೆಂಗಸರು ಮಾತಾಡಿಕೊಂಡು ಕೂತಿದ್ದರೆ, ಇವಳು ತಾನು ಮಡಚಿದ ಹಾಳೆಯನ್ನೇ ಬಿಚ್ಚಿ ಜೋರಾಗಿ ಓದುತ್ತಿದ್ದಳಂತೆ. ಯಾವ ಹಾಳೆ ಸಿಕ್ಕಿದರೆ ಅದು. ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂಬುದನ್ನೂ ಕತೆ ಹೇಳಿದ ಹಾಗೆ ಓದುವುದು. ಒಂದು ದಿನ ಪ್ರೂಫ್ ಕೋಣೆಯ ಹಿರಿಯರು ಬಾಗಿಲಿಗೆ ಬಂದು ಈ ದನಿ ಯಾರದು ಎಂದು ಕೇಳಿದರು. ಬೈಸಿಕೊಳ್ಳುವುದಕ್ಕೆ ಎದ್ದು ನಿಂತವಳನ್ನು ಅವರು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಆಮೇಲೆ ಆ ಕೋಣೆಯೇ ಅವಳ ಲೋಕವಾಯಿತು.

ಆ ಹಿರಿಯರನ್ನು ಪ್ರೆಸ್ಸಿನಲ್ಲಿ ಕೆಂಪು ಪೆನ್ಸಿಲ್ ಎನ್ನುತ್ತಿದ್ದರು. ಕೆಲಸ ಇಷ್ಟೇ: ಬರೆದವರು ಕೊಟ್ಟ ಮೂಲ ಪ್ರತಿಯನ್ನು ಚಿಕ್ಕಮ್ಮ ಗಟ್ಟಿಯಾಗಿ ಓದಬೇಕು, ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ಕೂತ ಅವರು ತಪ್ಪು ಕಂಡಲ್ಲಿ ಗುರುತು ಹಾಕಬೇಕು. ಬರೀ ಮಾತು ಓದಿದರೆ ಸಾಲದು, ಚಿಹ್ನೆಗಳೂ ಕೇಳಬೇಕು. ಪ್ರತಿಯೊಂದಕ್ಕೂ ‘ಅಲ್ಪವಿರಾಮ’ ‘ಆವರಣ’ ಎಂದು ಹೇಳುತ್ತಾ ಕೂತರೆ ಸಂಜೆಯೊಳಗೆ ಗಂಟಲು ಬೀಳುತ್ತದೆ. ಅದಕ್ಕೆ ಅವರಿಬ್ಬರೂ ಒಂದು ಕ್ರಮ ಮಾಡಿಕೊಂಡಿದ್ದರು. ಅಲ್ಪವಿರಾಮಕ್ಕೆ ಸಣ್ಣ ಉಸಿರು. ಆವರಣ ತೆರೆದರೆ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಒಂದು ಟಕ್, ಮುಚ್ಚಿದರೆ ಎರಡು. ಹೊರಗೆ ನಿಂತು ಕೇಳಿದವರಿಗೆ ಒಳಗೆ ಯಾರೋ ಮೊಳೆ ಹೊಡೆಯುತ್ತಾ ಪಾಠ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ಲೆಕ್ಕದ ಪುಸ್ತಕ ಬಂದರೆ ಉಳಿದವರೆಲ್ಲ ತಪ್ಪಿಸಿಕೊಳ್ಳುತ್ತಿದ್ದರು. ಅಂಕಿಗಳ ಸಾಲು ಓದುತ್ತಾ ಹೋದರೆ ಕೇಳುವವನ ಕಣ್ಣು ಎಲ್ಲೋ ಜಾರಿಬಿಡುತ್ತದೆ. ಕೆಂಪು ಪೆನ್ಸಿಲ್ ಅದಕ್ಕೂ ದಾರಿ ಹೇಳಿಕೊಟ್ಟಿದ್ದರು. ಗುಣಿಸುವ ಅಂಕಿಗಳೆರಡೂ ಒಂದೇ ಉಸಿರಿನಲ್ಲಿ ಅಂಟಿಕೊಂಡು ಬರಬೇಕು, ಕೂಡುವ ಕಳೆಯುವ ಚಿಹ್ನೆಯ ಬಳಿ ದನಿ ತುಸು ತಗ್ಗಿ ನಿಲ್ಲಬೇಕು. ‘ಎರಡು ಪ್ಲಸ್’ ಎಂದು ನಿಂತು, ಉಸಿರು ಎಳೆದು, ‘ಮೂರಿಂಟುನಾಲ್ಕು’ ಎಂದು ಒಟ್ಟಿಗೆ ಹೇಳುವುದು. ಹಾಗೆ ಓದಿದರೆ ಲೆಕ್ಕದ ಕೈಕಾಲು ಎಲ್ಲಿದೆ ಎಂದು ಕಿವಿಗೇ ತಿಳಿಯುತ್ತದೆ. ಚಿಕ್ಕಮ್ಮ ಆ ರೀತಿಯನ್ನು ಎಷ್ಟು ರೂಢಿಸಿಕೊಂಡಳೆಂದರೆ, ತಾನು ಹಾಗೆ ಓದುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಯಿತು.

ಕೆಂಪು ಪೆನ್ಸಿಲ್ ತೀರಿಕೊಂಡರು. ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಓದಿ ಹೇಳುವವರು ಯಾರಿಗೂ ಬೇಡವಾದರು, ಪ್ರೂಫ್ ಕೋಣೆಯಲ್ಲಿ ಕಾಗದದ ಸುರುಳಿ ತುಂಬಿ ಬೀಗ ಹಾಕಿದರು. ಚಿಕ್ಕಮ್ಮ ಮನೆಗೆ ಬಂದಳು. ಕೆಲಸ ಹೋದದ್ದಕ್ಕಿಂತ ಕೇಳುವವರು ಹೋದದ್ದು ಅವಳಿಗೆ ದೊಡ್ಡ ಪೆಟ್ಟು. ಅಂಗಡಿಯಲ್ಲಿ ಕೂತು, ಮೊಟ್ಟೆ ಕಟ್ಟಿಕೊಡುವ ಹಳೆಯ ಪೇಪರನ್ನು ಗಿರಾಕಿಗಳಿಗೆ ಓದಿ ಹೇಳುತ್ತಿದ್ದಳು. ಯಾವಾಗಲೋ ಆಗಿಹೋದ ಅಪಘಾತದ ಸುದ್ದಿಯನ್ನು ಇವಳ ಬಾಯಲ್ಲಿ ಕೇಳಿ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು ಹೋದದ್ದುಂಟು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆದರೆ ಬಾಯಿ ಮುಚ್ಚು ಎಂದು ಹೇಳಲು ಮನಸ್ಸು ಬರುತ್ತಿರಲಿಲ್ಲ.

ನಮ್ಮಲ್ಲಿ ಮೊಟ್ಟೆ ಕೊಳ್ಳುವವರಲ್ಲಿ ಕಣ್ಣು ಕಾಣದವರ ಶಾಲೆಯ ಹಾಸ್ಟೆಲಿನ ಅಡುಗೆಯವರೂ ಒಬ್ಬರು. ಟ್ರೇಗಳನ್ನು ಎಣಿಸುತ್ತಾ ನಿಂತವರು ಅವಳ ಓದು ಕೇಳಿ ಎಣಿಕೆ ಮರೆತರು. ಹೋಗಿ ತಮ್ಮ ದೊಡ್ಡ ಮೇಡಂಗೆ ಹೇಳಿದರು. ಚಿಕ್ಕಮ್ಮನಿಗೆ ಕರೆ ಬಂತು. ಶಾಲೆಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ, ಬೀದಿಯ ಗದ್ದಲ ಒಳಗೆ ಬರದಿರಲೆಂದು ಕಿಟಕಿಗಳಿಗೆ ಹಳೆಯ ರಜಾಯಿ ಹೊಡೆದಿದ್ದರು. ಅಲ್ಲಿ ಕೂತು ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು, ಬೇಕೆಂದವರಿಗೆ ಎದುರಿಗೆ ಕೂರಿಸಿಕೊಂಡು ಓದುವುದು. ಮೊದಲ ದಿನ ಮನೆಗೆ ಬಂದವಳ ಮುಖ ನೋಡಿ ನನಗೂ ಹೊಟ್ಟೆ ತಂಪಾಯಿತು.

ದರ್ಜಿಯೊಬ್ಬನ ಮಗಳು ಅವಳಿಗೆ ಸಿಕ್ಕಿದ್ದು ಅಲ್ಲಿಯೇ. ಹುಟ್ಟುಗುರುಡಿಯಲ್ಲ. ಹರೆಯಕ್ಕೆ ಬಂದ ಮೇಲೆ ಒಂದು ಕೆಟ್ಟ ಜ್ವರ ಕಣ್ಣನ್ನು ತೆಗೆದುಕೊಂಡು ಹೋಗಿತ್ತು. ಚುಕ್ಕೆ ಲಿಪಿಯನ್ನು ಬೆರಳಿನಿಂದ ಓದಲು ಚಿಕ್ಕ ಮಕ್ಕಳು ಕಲಿತಷ್ಟು ಬೇಗ ಅವಳಿಗೆ ಕಲಿಯಲಾಗಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೆಯವರು ಓದಬೇಕು, ಅವಳು ಹೇಳಿದ ಉತ್ತರವನ್ನು ಅವರೇ ಬರೆಯಬೇಕು. ಕಣ್ಣು ಕಾಣದ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆಗಬೇಕೆಂಬುದು ಅವಳ ಆಸೆ. ಅದರ ತರಬೇತಿಗೆ ಸೇರಲು ಲೆಕ್ಕದ ಒಂದು ಪರೀಕ್ಷೆ ಪಾಸಾಗಬೇಕು. ಈಗಾಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು, ವಯಸ್ಸಿನ ಮಿತಿ ಇದ್ದುದರಿಂದ ಉಳಿದದ್ದು ಇದೊಂದೇ ಸಲ. ಅವಳಪ್ಪ ಒಳ್ಳೆಯವನೇ, ಆದರೆ ಸೋತಿದ್ದ. ಈ ಸಲವೂ ಆಗದಿದ್ದರೆ ಮನೆಗೆ ಬಂದುಬಿಡು, ನಾನು ಹೊಲಿದ ಅಂಗಿಗಳಿಗೆ ಗುಂಡಿ ಹಾಕಿಕೊಂಡು ಇರು, ಅದಕ್ಕೆ ಕಣ್ಣು ಬೇಡ ಎಂದಿದ್ದ. ಅಪ್ಪನ ಮೇಲೆ ಪ್ರೀತಿ ಇದ್ದರೂ ಆ ಗುಂಡಿಗಳ ಡಬ್ಬಿ ನೆನೆದರೆ ಅವಳಿಗೆ ಉಸಿರು ಕಟ್ಟುತ್ತಿತ್ತು.

ಚಿಕ್ಕಮ್ಮ ಅವಳನ್ನು ಕೈಗೆತ್ತಿಕೊಂಡಳು. ಹುಡುಗಿಗೆ ನಿಯಮ ಬಾಯಿಪಾಠ: ಮೊದಲು ಆವರಣ, ಆಮೇಲೆ ಗುಣಾಕಾರ ಭಾಗಾಕಾರ, ಕೊನೆಗೆ ಕೂಡು ಕಳೆ. ಹಾಗಿದ್ದೂ ಹಿಂದಿನ ಎರಡು ಸಲವೂ ಇದೇ ಭಾಗದಲ್ಲಿ ಮುಗ್ಗರಿಸಿದ್ದಳು. ಚಿಕ್ಕಮ್ಮ ಓದಿದ್ದೇ ಓದಿದ್ದು, ಲೆಕ್ಕಗಳೆಲ್ಲ ಸರಿಯಾಗತೊಡಗಿದವು. ಆವರಣ ಬಂದಲ್ಲಿ ಚಿಕ್ಕಮ್ಮನ ಟಕ್, ಹುಡುಗಿ ಅದನ್ನೂ ಹಿಡಿದುಬಿಟ್ಟಳು. ದಿನಾ ಸಂಜೆ ನನಗೆ ವರದಿ: ಇವತ್ತು ಒಂದೂ ತಪ್ಪಿಲ್ಲ ಕಣೇ. ಹಿಂದಿನವರಿಗೆ ಕಲಿಸಲು ಬರಲಿಲ್ಲ, ನನ್ನ ಹತ್ತಿರ ಬಂದಳು, ಕಲಿತಳು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ತಟ್ಟೆ ತೊಳೆಯುವಾಗ ಅವಳು ಗುನುಗುತ್ತಿದ್ದುದರಲ್ಲೇ ಅದು ಕೇಳಿಸುತ್ತಿತ್ತು.

ಪರೀಕ್ಷೆ ಹತ್ತಿರ ಬಂದಾಗ ಚಿಕ್ಕಮ್ಮನ ಗಂಟಲು ಕೈಕೊಟ್ಟಿತು. ದನಿಯೇ ಹೊರಡದು. ಮಾತಾಡಿದರೆ ಇನ್ನೂ ಕೆಡುತ್ತದೆ, ಕೆಲವು ದಿನ ಬಾಯಿ ಬಿಡಬೇಡಿ ಎಂದು ಡಾಕ್ಟರು ಗದರಿದರು. ಬಾಯಿ ಬಿಡದ ಚಿಕ್ಕಮ್ಮನನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ, ಮನೆ ಬಿಕೋ ಅನ್ನುತ್ತಿತ್ತು. ಹುಡುಗಿಯ ಅಭ್ಯಾಸ ನಿಲ್ಲಬಾರದೆಂದು ಕೈಸನ್ನೆಯಲ್ಲಿ ನನ್ನ ಪ್ರಾಣ ತಿಂದಳು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು, ಕುತ್ತಿಗೆಗೆ ಶಾಲು ಸುತ್ತಿಕೊಂಡ ಅವಳ ಜೊತೆ ನಾನೂ ಶಾಲೆಗೆ ಹೋದೆ.

ನನ್ನ ಓದು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಟ್ರೇ ಎಣಿಸುವ ಹಾಗೆ, ಒಂದರ ಹಿಂದೆ ಒಂದು. ‘ಎರಡು ಪ್ಲಸ್ ಮೂರು ಇಂಟು ಮೂವತ್ತು’ ಎಂದೆ. ಹುಡುಗಿ ತಡಮಾಡದೆ ನೂರೈವತ್ತು ಎಂದಳು. ತಪ್ಪು ಎಂದೆ. ಇನ್ನೊಂದು ಲೆಕ್ಕ ಓದಿದೆ, ಅದೂ ತಪ್ಪು. ಹಾಳೆಯ ಅರ್ಧಕ್ಕಿಂತ ಹೆಚ್ಚು ಲೆಕ್ಕ ಕೆಟ್ಟುಹೋಯಿತು. ನನಗೆ ರೇಗಿತು. ಇಷ್ಟು ದಿನ ಕಲಿತದ್ದೆಲ್ಲ ಎಲ್ಲಿ ಹೋಯಿತು, ಚಿಕ್ಕಮ್ಮ ಮನೆಗೆ ಬಂದು ನನ್ನ ತಲೆ ತಿನ್ನುತ್ತಿದ್ದಳಲ್ಲ ಒಂದೂ ತಪ್ಪಿಲ್ಲ ಅಂತ, ಎಂದು ಕೂಗಾಡಿದೆ.

ಹುಡುಗಿಯ ಮುಖ ಕೆಂಪಾಯಿತು. “ನೀವು ಓದೋದು ಸರಿ ಇಲ್ಲ ಅಕ್ಕ,” ಎಂದಳು. “ಚಿಕ್ಕಮ್ಮ ಓದಿದ್ರೆ ಉತ್ತರ ತಾನಾಗೇ ಬರುತ್ತೆ.”

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಲ್ಲಿದ್ದ ಚಿಕ್ಕಮ್ಮನ ಕಡೆ ಕಣ್ಣು ಹೋಯಿತು. ಅವಳ ಮುಖ ಬಿಳುಚಿಕೊಂಡಿತ್ತು. ಡಾಕ್ಟರ ಮಾತನ್ನು ಗಾಳಿಗೆ ತೂರಿ, ಹರಿದ ಬಟ್ಟೆಯಂಥ ದನಿಯಲ್ಲಿ, ಅದೇ ಲೆಕ್ಕವನ್ನು ತಾನೇ ಓದಿದಳು. ‘ಎರಡು ಪ್ಲಸ್’ ಎಂದಳು. ನಿಂತಳು. ‘ಮೂರಿಂಟುಮೂವತ್ತು’ ಎಂದಳು. ತೊಂಬತ್ತೆರಡು ಎಂದು ಹುಡುಗಿ ನಗುತ್ತಾ ಹೇಳಿದಳು. ಚಿಕ್ಕಮ್ಮ ನಗಲಿಲ್ಲ. ನನ್ನ ಕೈ ಹಿಡಿದು, ಇನ್ನೊಂದು ಸಲ ನೀನು ಓದು, ಆಗ ಓದಿದ ಹಾಗೇ ಓದು ಎಂದು ಸನ್ನೆ ಮಾಡಿದಳು. ಬೇರೆ ಅಂಕಿ ಹಾಕಿ ಓದಿದೆ. ಮತ್ತೆ ತಪ್ಪು.

ಆಗ ನನಗೂ ತಿಳಿಯಿತು. ಹುಡುಗಿ ಲೆಕ್ಕದ ಕ್ರಮ ಕಲಿತಿರಲಿಲ್ಲ, ಚಿಕ್ಕಮ್ಮನ ಉಸಿರನ್ನು ಕಲಿತಿದ್ದಳು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚಿಕ್ಕಮ್ಮನ ದನಿಯೇ ಮಾಡಿ ಮುಗಿಸಿಬಿಡುತ್ತಿತ್ತು, ಇವಳ ಪಾಲಿಗೆ ಉಳಿಯುತ್ತಿದ್ದುದು ಮಗ್ಗಿ ಮಾತ್ರ. ನಾವು ಕಣ್ಣಿದ್ದವರು ಸಾಲನ್ನು ಇಡಿಯಾಗಿ ನೋಡುತ್ತೇವೆ. ಗುಣಿಸುವ ಚಿಹ್ನೆ ಅಲ್ಲಿ ಮುಂದೆ ಕಾದು ನಿಂತಿರುವುದು ಮೊದಲೇ ಕಾಣುತ್ತದೆ. ಕಿವಿಗೆ ಹಾಗಲ್ಲ, ಒಂದಾದ ಮೇಲೊಂದು ಬರುತ್ತದೆ. ಎರಡು ಬಂತು, ಮೂರು ಬಂತು, ಅವೆರಡನ್ನೂ ಕೂಡಿಸಿ ಕೈ ತೊಳೆದುಕೊಂಡ ಮೇಲೆ ‘ಇಂಟು’ ಬಂದರೆ ಏನು ಮಾಡುವುದು. ನಿಯಮವೇನೋ ಬಾಯಲ್ಲಿತ್ತು. ಆದರೆ ಬಾಯಲ್ಲಿದ್ದದ್ದು ಕೈಗೆ ಇಳಿಯುವುದಕ್ಕೆ ಚಿಕ್ಕಮ್ಮ ಅವಕಾಶವನ್ನೇ ಕೊಟ್ಟಿರಲಿಲ್ಲ. ಅವಳ ಓದು ಅಷ್ಟು ಚೆನ್ನಾಗಿತ್ತು, ಅದೇ ಕೆಡುಕಾಗಿತ್ತು.

ಪರೀಕ್ಷೆಯ ಹಾಲಿನಲ್ಲಿ ಚಿಕ್ಕಮ್ಮ ಓದುವಂತಿಲ್ಲ. ಕಲಿಸಿದವರು ಓದಬಾರದು, ಪರಿಚಯವಿಲ್ಲದವರೊಬ್ಬರನ್ನು ಪರೀಕ್ಷೆ ನಡೆಸುವ ಕಚೇರಿಯವರೇ ಕಳಿಸುತ್ತಾರೆ. ಅವರು ಟಕ್ ಎನ್ನುವುದಿಲ್ಲ, ಉಸಿರು ಎಳೆಯುವುದಿಲ್ಲ. ಬಹುಶಃ ನನ್ನ ಹಾಗೇ ಓದುತ್ತಾರೆ.

ಆ ಸಂಜೆ ಚಿಕ್ಕಮ್ಮ ಊಟ ಮಾಡಲಿಲ್ಲ. ನಾನು ತಟ್ಟೆ ಮುಂದಿಟ್ಟು ಎರಡು ಮಾತು ಬೈದೆ. ಅವಳು ಗೋಡೆ ನೋಡುತ್ತಾ, ಪಿಸುಗುಟ್ಟಿದ ಹಾಗೆ, ಆ ಮಗುವಿನ ಬದುಕನ್ನು ನಾನೇ ಹಾಳು ಮಾಡಿದೆನಲ್ಲ ಎಂದಳು. ಹಾಳಾಗಿಲ್ಲ, ಇನ್ನೂ ದಿನ ಇದೆ ಎಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ, ಆದರೆ ಮೊಟ್ಟೆಯ ವಿಷಯ ಬರುತ್ತದೆ. ನಾಳೆ ಅವಳನ್ನು ಅಂಗಡಿಗೆ ಕರೆದುಕೊಂಡು ಬಾ ಎಂದೆ.

ಮರುದಿನ ಹುಡುಗಿ ಬಂದಳು. ಅವಳ ಎಡಗೈಯಲ್ಲಿ ಎರಡು ಬಿಡಿ ಮೊಟ್ಟೆ ಇಟ್ಟೆ. ಬಲಗೈಯನ್ನು ಹಿಡಿದು ಪಕ್ಕದಲ್ಲಿದ್ದ ಮೂರು ಟ್ರೇಗಳ ಅಂಚು ಮುಟ್ಟಿಸಿದೆ. ಒಂದು ಟ್ರೇಗೆ ಮೂವತ್ತು ಮೊಟ್ಟೆ ಎಂಬುದು ಅವಳಿಗೂ ಗೊತ್ತಿತ್ತು. ಈಗ ಒಟ್ಟು ಎಷ್ಟು ಎಂದು ಕೇಳಿದೆ. ಇದರಲ್ಲಿ ಕೇಳುವುದೇನಿದೆ ಎಂಬಂತೆ ತೊಂಬತ್ತೆರಡು ಎಂದಳು.

“ನಿನ್ನೆ ನೂರೈವತ್ತು ಅಂದಿದ್ದೆಯಲ್ಲ,” ಎಂದೆ. “ಕೈಯಲ್ಲಿರೋ ಎರಡು ಮೊಟ್ಟೆನ ಎರಡು ಟ್ರೇ ಅಂತ ಲೆಕ್ಕ ಹಾಕಿದೆ ನೀನು. ನಿನ್ನಂಥ ಗಿರಾಕಿ ಸಿಕ್ಕಿದ್ರೆ ನಾನು ಬಂಗಲೆ ಕಟ್ಟಿಸ್ತಿದ್ದೆ.”

ಅವಳು ಜೋರಾಗಿ ನಕ್ಕಳು. ನಗುವ ಭರದಲ್ಲಿ ಒಂದು ಮೊಟ್ಟೆ ಕೈಯಲ್ಲೇ ಅಪ್ಪಚ್ಚಿಯಾಗಿ ಲೋಳೆ ಮೊಣಕೈವರೆಗೆ ಇಳಿಯಿತು. ಕೈ ಒರೆಸಿಕೊಳ್ಳುತ್ತಲೇ, ಅಂದರೆ ಬಿಡಿ ಮೊಟ್ಟೆಯನ್ನು ಟ್ರೇ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಮೊದಲು ಟ್ರೇಗಳನ್ನು ಮೊಟ್ಟೆ ಮಾಡಿಕೊಳ್ಳಬೇಕು ಎಂದಳು. ಅಷ್ಟೇ ಎಂದೆ. ಆವರಣಕ್ಕೆ ಹುರಿ ತಂದೆ. ಈ ಕಡೆ ಎರಡು ಟ್ರೇ, ಆ ಕಡೆ ಮೂರು ಟ್ರೇ, ಐದನ್ನೂ ಒಂದರ ಮೇಲೊಂದು ಇಟ್ಟು ಸುತ್ತ ಹುರಿ ಕಟ್ಟಿ ಅವಳ ಕೈಗೆ ಮುಟ್ಟಿಸಿದೆ. ಕಟ್ಟಿದ್ದನ್ನು ಮೊದಲು ಒಂದು ಮಾಡಿಕೋ, ಆಮೇಲೆ ಮೂವತ್ತರಿಂದ ಗುಣಿಸು. ಈಗ ನೂರೈವತ್ತು ಸರಿ. ಅಂಕಿಗಳೆಲ್ಲ ಅವೇ, ಹುರಿ ಬಂದದ್ದಕ್ಕೆ ಉತ್ತರ ಬೇರೆಯಾಯಿತು. ಅವಳು ಆ ಹುರಿಯನ್ನು ಸುತ್ತಲೂ ಸವರುತ್ತಾ ಬಹಳ ಹೊತ್ತು ನಿಂತಿದ್ದಳು. ಚಿಕ್ಕಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು, ಅವಳ ಮುಖ ನೋಡಿದ ಮೇಲೆ ಅದು ಇಳಿಯಿತು.

ತಿಳಿದದ್ದು ರೂಢಿಯಾಗಬೇಕಿತ್ತು. ದನಿ ಮರಳಿದ ಮೇಲೆ ಚಿಕ್ಕಮ್ಮ ತನ್ನ ಪಾಲಿನ ಕೆಲಸ ಶುರು ಮಾಡಿದಳು. ಕೆಟ್ಟದಾಗಿ ಓದಬೇಕು. ಕೇಳಲು ಸುಲಭ, ಅವಳಿಗೆ ಅದು ಬಲಗೈ ಕಟ್ಟಿಕೊಂಡು ಎಡಗೈಯಲ್ಲಿ ಬರೆದ ಹಾಗೆ. ಎಷ್ಟು ಬಿಗಿಹಿಡಿದರೂ ‘ಇಂಟು’ ಬಂದ ಕೂಡಲೇ ದನಿ ಅಂಟಿಕೊಳ್ಳುತ್ತಿತ್ತು, ‘ಪ್ಲಸ್’ ಬಂದ ಕೂಡಲೇ ಉಸಿರು ತಾನೇ ನಿಲ್ಲುತ್ತಿತ್ತು. ಎದುರಿಗೆ ಕೂತ ನಾನು ‘ಸಿಕ್ಕಿಬಿದ್ದೆ ನೀನು’ ಎಂದು ಕೂಗುತ್ತಿದ್ದೆ. ಕೊನೆಗೆ ಬೀದಿಯಲ್ಲಿ ನಡೆಯುತ್ತಾ ಹೆಜ್ಜೆಗೊಂದು ಪದ ಹೇಳುವುದನ್ನು ಅಭ್ಯಾಸ ಮಾಡಿದಳು. ಏಳು, ಮೈನಸ್, ಎರಡು, ಇಂಟು, ಮೂರು. ಇಸ್ತ್ರಿಯವನು ನನ್ನನ್ನು ಕರೆದು, ರೇಡಿಯೋಗೆ ಏನಾಗಿದೆ, ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸಬಾರದೇ ಎಂದು ಕೇಳಿದ. ನನಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಬದುಕಿಡೀ ತಿದ್ದಿ ತೀಡಿದ್ದನ್ನು ಅವಳು ಆ ರಸ್ತೆಯಲ್ಲಿ ಒಂದೊಂದೇ ಹೆಜ್ಜೆಗೆ ಉದುರಿಸಿಕೊಳ್ಳುತ್ತಾ ಹೋಗುತ್ತಿದ್ದಳು.

ಅವಳ ಓದು ಕೆಡುತ್ತಾ ಹೋದ ಹಾಗೆ ಹುಡುಗಿಯ ಲೆಕ್ಕ ಮೊದಲು ಪೂರ್ತಿ ಕೆಟ್ಟು, ಆಮೇಲೆ ನಿಧಾನವಾಗಿ ಚೇತರಿಸಿಕೊಂಡಿತು. ಬಂದ ಅಂಕಿಯನ್ನು ತಕ್ಷಣ ಕೂಡಿಸದೆ, ಮುಂದಿನ ಚಿಹ್ನೆ ಯಾವುದೆಂದು ತಿಳಿಯುವವರೆಗೆ ಬೆರಳು ಮಡಚಿ ಹಿಡಿದುಕೊಂಡಿರುವುದನ್ನು ಅವಳು ತಾನಾಗಿಯೇ ಕಂಡುಕೊಂಡಳು.

ಉಳಿದದ್ದು ಆವರಣ. ಕಚೇರಿಯಿಂದ ಬಂದವರು ಅದನ್ನು ಓದದೆ ಹಾರಿಸಿದರೆ? ಹಿಂದಿನ ಎರಡು ಸಲವೂ ಹಾಗೇ ಆಗಿತ್ತೆಂದು ಈಗ ಹುಡುಗಿಯ ಬಾಯಿಂದ ಬಂತು. ಅನುಮಾನ ಬಂದಿತ್ತಂತೆ, ಕೇಳಲಿಲ್ಲವಂತೆ. ಯಾಕೆ ಕೇಳಲಿಲ್ಲ ಎಂದು ನಾನು ಜೋರು ಮಾಡಿದೆ. ಕಣ್ಣು ಹೋದ ಮೇಲೆ ಪ್ರತಿಯೊಂದನ್ನೂ ಯಾರನ್ನಾದರೂ ಕೇಳಬೇಕು, ನೀರು ಎಲ್ಲಿದೆ, ಚಪ್ಪಲಿ ಎಲ್ಲಿದೆ, ಬಂದವರು ಯಾರು. ಒಂದೇ ವಿಷಯವನ್ನು ಎರಡನೇ ಸಲ ಕೇಳಿದಾಗ ಎದುರಿನವರ ದನಿ ಬದಲಾಗುತ್ತದೆ, ಅದನ್ನು ಕೇಳಲಾರೆ ಎಂದಳು.

ಚಿಕ್ಕಮ್ಮ ಆ ಮಾತನ್ನು ಕೇಳಿಸಿಕೊಂಡಳು. ಮುಂದಿನ ಲೆಕ್ಕ ಓದುವಾಗ ಬೇಕೆಂದೇ ಆವರಣ ಬಿಟ್ಟು ಓದಿದಳು. ಬೆರಳೂ ಅಲುಗಲಿಲ್ಲ. ಒಂದು ಚುಕ್ಕೆ ಬಿಟ್ಟುಹೋದರೆ ಇಡೀ ಹಾಳೆಯನ್ನು ಮತ್ತೆ ಮೊದಲಿನಿಂದ ಓದುತ್ತಿದ್ದ ಹೆಂಗಸು ಅವಳು. ಹುಡುಗಿಯ ಉತ್ತರ ತಪ್ಪಾಯಿತು. ತಪ್ಪು ಎಂದು ಮಾತ್ರ ಹೇಳಿ, ಮುಂದಿನದನ್ನೂ ಹಾಗೇ ಓದಿದಳು. ಹುಡುಗಿ ತುಟಿ ಕಚ್ಚಿಕೊಂಡು, ಇದರಲ್ಲಿ ಬ್ರಾಕೆಟ್ ಇದೆಯಾ ಎಂದು ಕೇಳುವವರೆಗೂ ಬಿಡಲಿಲ್ಲ. ಕೇಳಿದ ಮೇಲೂ ಸುಲಭಕ್ಕೆ ಒಪ್ಪಲಿಲ್ಲ. ಎಷ್ಟು ಸಲ ಹೇಳುವುದು ಎಂದು ಗದರಿದಳು. ಸಿಟ್ಟೇ ಇಲ್ಲದವಳು ಸಿಟ್ಟಿನ ದನಿಯನ್ನು ನನ್ನಿಂದ ಎರವಲು ತಂದಿದ್ದಳು, ಅದು ಅವಳ ಬಾಯಿಗೆ ಅಳತೆ ತಪ್ಪಿದ ಅಂಗಿಯ ಹಾಗಿತ್ತು. ಗದರಿಕೆಯ ಕೆಲಸವನ್ನು ಆಮೇಲೆ ನಾನೇ ವಹಿಸಿಕೊಂಡೆ. ಅದಕ್ಕೆ ನನಗೆ ಅಭ್ಯಾಸ ಬೇಕಾಗಿರಲಿಲ್ಲ. ಹುಡುಗಿ ಒಂದೆರಡು ಸಲ ಅತ್ತಳು. ಆಮೇಲೆ ನಾನು ಎಷ್ಟೇ ಹಾರಾಡಿದರೂ, ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂದು ಕೇಳಿ, ಉತ್ತರ ಸಿಗುವವರೆಗೆ ಅಲ್ಲಾಡದೆ ಕೂರುವುದನ್ನು ಕಲಿತಳು.

ಪರೀಕ್ಷೆಯ ದಿನ ದರ್ಜಿ, ಚಿಕ್ಕಮ್ಮ, ನಾನು ಮೂವರೂ ಹೋದೆವು. ಹುಡುಗಿಗೆ ಬೇರೆ ಕೋಣೆ. ಓದಲು ಬಂದವನು ಶೂ ಟಕಟಕಿಸುತ್ತಾ ಬಂದ ಒಬ್ಬ ತರುಣ, ಎಲ್ಲಿಗೋ ಹೊರಟವನನ್ನು ಹಿಡಿದು ತಂದ ಹಾಗೆ ಮುಖ ಮಾಡಿಕೊಂಡಿದ್ದ. ಬಾಗಿಲು ಹಾಕಿಕೊಂಡಿತು. ನಾವು ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತೆವು. ದರ್ಜಿ ತನ್ನ ಅಂಗಿಯ ಗುಂಡಿಯನ್ನು ತಿರುಗಿಸಿ ತಿರುಗಿಸಿ ಕೊನೆಗೆ ಅದು ಕೈಗೇ ಬಂತು. ನಡುವೆ ಒಮ್ಮೆ ಬಾಗಿಲು ತೆರೆದು ತರುಣ ಹೊರಗೆ ಬಂದು, ಮೇಲ್ವಿಚಾರಕರನ್ನು ಕರೆದುಕೊಂಡು ಒಳಗೆ ಹೋದ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಗೋಡೆಯ ಮೇಲೆ ಒಂದು ದೊಡ್ಡ ಸೂಚನೆ ಇತ್ತು, ಅವತ್ತು ಅವಳು ಅದನ್ನೂ ಓದಲಿಲ್ಲ.

ಹೊರಗೆ ಬಂದ ಮೇಲೆ ಹುಡುಗಿ ಹೇಳಿದಳು. ಆ ತರುಣ ‘ಹನ್ನೆರಡು ಮೈನಸ್ ಐದು ಮೈನಸ್ ಮೂರು’ ಎಂದು ಓದಿದ. ಇಷ್ಟು ಸುಲಭದ್ದನ್ನು ಕೇಳಿರಲಾರರು ಎಂದು ಇವಳಿಗೆ ಅನುಮಾನ ಬಂತು. ಬ್ರಾಕೆಟ್ ಇದೆಯಾ ಎಂದು ಕೇಳಿದಳು. ಓದಿದ್ದನ್ನು ಮಾಡಮ್ಮ ಎಂದ. ಮತ್ತೆ ಕೇಳಿದಳು. ಅವನ ದನಿ ಬದಲಾಯಿತು. ಅವಳು ಕೈ ಎತ್ತಿ, ಮೇಲ್ವಿಚಾರಕರನ್ನು ಕರೆಯಿರಿ ಎಂದಳು. ಅವರು ಬಂದು ನೋಡಿದರೆ, ಐದು ಮೈನಸ್ ಮೂರು ಆವರಣದೊಳಗೆ ಬೆಚ್ಚಗೆ ಕೂತಿತ್ತು. ಉತ್ತರ ನಾಲ್ಕಲ್ಲ, ಹತ್ತು. ಆಮೇಲಿನ ಪ್ರತಿ ಲೆಕ್ಕವನ್ನೂ ಅವನು ಚಿಹ್ನೆಯ ಸಮೇತ ಓದಿದನಂತೆ.

ಫಲಿತಾಂಶ ಬಂದ ದಿನ ದರ್ಜಿ ಮಗಳ ಕೈ ಹಿಡಿದು ಅಂಗಡಿಗೆ ಬಂದ. ಪಾಸು ಎಂದು ಹುಡುಗಿಯೇ ಹೇಳಿದಳು. ತರಬೇತಿಗೆ ಬೇರೆ ಊರಿಗೆ ಹೋಗಬೇಕು, ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದೆ, ಮುಂದಿನ ವಾರವೇ ಪ್ರಯಾಣ. ನಾನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಬಂದು ಅವಳನ್ನು ತಬ್ಬಿಕೊಂಡೆ. ಚಿಕ್ಕಮ್ಮ ಅವಳ ತಲೆ ನೇವರಿಸಿದಳು. ಏನೋ ಕೇಳಬೇಕೆಂದು ಇಷ್ಟು ದಿನದಿಂದಲೂ ಕಾದುಕೊಂಡಿದ್ದವಳ ಹಾಗೆ, ಸ್ವಲ್ಪ ತಡವರಿಸಿ ಕೇಳಿದಳು.

“ಅವತ್ತು ಹಾಲ್‌ನಲ್ಲಿ ನನ್ನ ದನಿ ಏನಾದ್ರೂ ನೆನಪಿಗೆ ಬಂತಾ, ಮಗಳೇ?”

“ಇಲ್ಲ ಚಿಕ್ಕಮ್ಮ,” ಎಂದಳು ಹುಡುಗಿ, ಮುಖವೆಲ್ಲ ಅರಳಿಸಿಕೊಂಡು. “ಒಂದು ಸಲಾನೂ ಬರಲಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಮಾಡಿದವಳಿಗೆ ಒಂದು ಸುಳ್ಳನ್ನಾದರೂ ಹೇಳಬಾರದೇ. ಬಾಯಿ ತೆರೆದೂಬಿಟ್ಟಿದ್ದೆ, ಚಿಕ್ಕಮ್ಮ ನನ್ನ ಮಣಿಕಟ್ಟನ್ನು ಹಿಡಿದು ಅದುಮಿದಳು. “ಹಾಗಾದ್ರೆ ನೀನು ಕಲಿತೆ,” ಎಂದು ಹುಡುಗಿಗೆ ಹೇಳಿದಳು. ದನಿ ಸ್ವಲ್ಪವೂ ನಡುಗಲಿಲ್ಲ.

ಅವರು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡಳು.

“ನೋವಾಯ್ತಾ ಚಿಕ್ಕಮ್ಮ?” ಎಂದು ಕೇಳಿದೆ.

“ಆಯ್ತು ಕಣೇ,” ಎಂದಳು. “ನನ್ನ ದನಿ ನೆನಪಿಗೆ ಬರಬಾರ್ದು ಅಂತಾನೇ ಅಲ್ವಾ ಅಷ್ಟು ಒದ್ದಾಡಿದ್ದು.”

ಹೊರಗೆ ಗಿರಾಕಿಯೊಬ್ಬರು ಕೂಗುತ್ತಿದ್ದರು. ಕಾಯಲಿ ಎಂದುಕೊಂಡು ನಾನು ಅವಳ ಪಕ್ಕ ನೆಲದ ಮೇಲೆ ಕೂತೆ.